ಕಾಗದ ಇದ್ದವಳು

"ಬಿಡ್ರೀ! ಯಾರ್ರೀ ನೀವು? ಕೈ ಬಿಡಿ ಅಂದ್ನಲ್ಲ!"

ಮಾತು ಮುಗಿಯುವ ಮೊದಲೇ ಅವಳ ಕಾಲು ನೆಲ ಬಿಟ್ಟಿತ್ತು. ಮರುಕ್ಷಣ ಅವಳು ಮಾಸಿದ ಹಾಸಿಗೆ ಬಟ್ಟೆ ತುಂಬಿದ್ದ ಚಕ್ರದ ಗಾಡಿಯೊಳಗೆ ಬಿದ್ದಿದ್ದಳು!

ಮುಖದ ಮೇಲೆ ಒಂದು ಚಾದರ. ಅದರ ಮೇಲೆ ಇನ್ನೊಂದು. ಮೂರನೆಯದಂತೂ ಒದ್ದೆ.

"ಉಸಿರೆತ್ತಬೇಡಿ," ಎಂದಿತು ಒಂದು ಗಂಡು ದನಿ, ತೀರಾ ಹತ್ತಿರದಿಂದ. "ಎರಡೂ ಬಾಗಿಲಲ್ಲಿ ನಿಂತಿದ್ದಾರೆ."

'ಯಾರು ನಿಂತಿದ್ದಾರೆ? ಯಾರಿವನು? ಇವನಿಗೇನು ತಲೆ ಕೆಟ್ಟಿದೆಯಾ...?'

ಆಗ ಕೇಳಿಸಿತು ಆ ಕೂಗು.

"ಯಂತ್ರ ನಿಲ್ಲಿಸಿ! ವಲಸೆ ಇಲಾಖೆ ತಪಾಸಣೆ! ಯಾರೂ ಜಾಗ ಬಿಟ್ಟು ಅಲ್ಲಾಡಬಾರದು!"

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಚಾದರ, ದಿಂಬಿನ ಚೀಲ, ವೈದ್ಯರ ನಿಲುವಂಗಿ ಎಲ್ಲ ರಾಶಿ ರಾಶಿಯಾಗಿ ಬಂದು, ಒಗೆದು, ಒಣಗಿ, ಮಡಿಕೆಯಾಗಿ ವಾಪಸ್ಸು ಹೋಗುತ್ತಿದ್ದವು. ಅವಳು ಏಳು ವರ್ಷದಿಂದ ಅಲ್ಲಿ ಉಗಿ ಇಸ್ತ್ರಿಯ ದೊಡ್ಡ ಉರುಳೆಯ ಮುಂದೆ ನಿಲ್ಲುವವಳು. ಜೊತೆಯವರು ಅವಳನ್ನು ಕರೆಯುತ್ತಿದ್ದದ್ದೇ 'ಇಸ್ತ್ರಿ' ಎಂದು. ಮಾಡುವ ಕೆಲಸಕ್ಕೆ ಅಷ್ಟೇ ಅಲ್ಲ, ಮುಟ್ಟಿದರೆ ಸುಡುವ ಸ್ವಭಾವಕ್ಕೂ ಸೇರಿಸಿ!

ಅಂಥ ಇಸ್ತ್ರಿಯ ಬಳಿ ಕಾಗದಗಳೆಲ್ಲ ಇದ್ದವು! ಖಾಯಂ ವಾಸದ ಕಾರ್ಡು, ಕೆಲಸದ ಪರವಾನಗಿ, ಅವುಗಳ ಎರಡೆರಡು ನಕಲು... ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ, ತಾರೀಕಿನ ಪ್ರಕಾರ, ಸೊಂಟಕ್ಕೆ ಕಟ್ಟಿದ ಚೀಲದಲ್ಲಿ. ಅವಳು ಬಚ್ಚಿಟ್ಟುಕೊಳ್ಳಬೇಕಾದ ಕಾರಣವೇ ಇರಲಿಲ್ಲ!

'ನನ್ನನ್ನ ಯಾಕೆ ಇದರೊಳಗೆ ತುಂಬಿದ ಈ ಪುಣ್ಯಾತ್ಮ?'

ಎದ್ದುಬಿಡಬೇಕು ಎಂದುಕೊಂಡಳು. ಅಷ್ಟರಲ್ಲಿ ಬೂಟಿನ ಸದ್ದು ಗಾಡಿಯ ಪಕ್ಕಕ್ಕೇ ಬಂದು ನಿಂತಿತು.

"ಇದರಲ್ಲೇನಿದೆ?"

"ಸೋಂಕಿನ ವಾರ್ಡಿನ ಬಟ್ಟೆ ಸಾರ್," ಎಂದಿತು ಅದೇ ದನಿ. "ಕೈಗವಸು ಇಲ್ಲದೆ ಮುಟ್ಟಬೇಡಿ. ನಾನು ಬಾಯ್ಲರ್ ಮೆಕ್ಯಾನಿಕ್, ನಾನೇ ದೂರ ನಿಂತಿದ್ದೀನಿ ನೋಡಿ."

ಬೂಟು ಎರಡು ಹೆಜ್ಜೆ ಹಿಂದೆ ಸರಿಯಿತು.

ಆಮೇಲೆ ಅವಳ ಕಿವಿಗೆ ಬಿದ್ದದ್ದು ಚಿಕ್ಕಮ್ಮನ ದನಿ.

"ನನ್ನ ರಸೀದಿ ಇದೆ ಸ್ವಾಮಿ! ನನ್ನ ಮಗಳ ಚೀಲದಲ್ಲಿದೆ! ಇಲ್ಲೇ ಇದ್ದಳು... ಒಂದು ನಿಮಿಷ ಕೊಡಿ, ಕರೀತೀನಿ. ಏ ಮಗಾ! ಎಲ್ಲಿದ್ದೀಯೇ?"

ಚಿಕ್ಕಮ್ಮ! ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಕೈ ಹಿಡಿದು ಈ ದೇಶಕ್ಕೆ ಕರೆತಂದವಳು. ಮಡಿಕೆ ಮೇಜಿನಲ್ಲಿ ಅವಳಷ್ಟು ಬೇಗ ಚಾದರ ಮಡಿಸುವವರಿರಲಿಲ್ಲ. ಅವಳಷ್ಟು ಬೇಗ ಸಾಮಾನು ಕಳೆಯುವವರೂ ಇರಲಿಲ್ಲ. ಅದಕ್ಕೇ, ಅವಳ ಪರವಾನಗಿ ನವೀಕರಣದ ಅರ್ಜಿಗೆ ಕೊಟ್ಟ ರಸೀದಿಯನ್ನು ಇಸ್ತ್ರಿ ತನ್ನ ಬಳಿ ಇಟ್ಟುಕೊಂಡಿದ್ದಳು. ಹೊಸ ಕಾರ್ಡು ಬರುವವರೆಗೆ ಆ ರಸೀದಿಯೇ ಪರವಾನಗಿ.

'ಏಳು! ಎದ್ದು ನಿಲ್ಲು! ರಸೀದಿ ತೋರಿಸು!' ಎಂದು ಮನಸ್ಸು ಕಿರುಚಿತು.

ಕೈಕಾಲು ಆಡಲಿಲ್ಲ...

"ನಡಿಯಮ್ಮಾ, ಆ ಕಥೆ ಎಲ್ಲ ಅಲ್ಲಿ ಬಂದು ಹೇಳು."

ಬಾಗಿಲು ಬಡಿದ ಸದ್ದು. ವಾಹನ ಹೊರಟ ಸದ್ದು. ಆಮೇಲೆ ಸದ್ದೇ ಇಲ್ಲ. ಏಳು ವರ್ಷದಲ್ಲಿ ಆ ಕಾರ್ಖಾನೆ ಅಷ್ಟು ಸುಮ್ಮನಿದ್ದದ್ದನ್ನು ಅವಳು ಕಂಡಿರಲಿಲ್ಲ.

ಚಾದರಗಳನ್ನು ಕಿತ್ತೆಸೆದು ಅವಳು ಮೇಲೆದ್ದಾಗ, ಎಣ್ಣೆ ಮೆತ್ತಿದ ಅಂಗಿಯ ಒಬ್ಬ ಎತ್ತರದ ಮನುಷ್ಯ ಕೈ ನೀಡಿ ನಿಂತಿದ್ದ.

"ಹೋದ್ರು. ನೀವು ಉಳ್ಕೊಂಡ್ರಿ," ಎಂದ ಸಮಾಧಾನದಿಂದ.

ಅವಳು ಆ ಕೈ ಹಿಡಿಯಲಿಲ್ಲ. ಚೀಲದಿಂದ ಕವರ್ ತೆಗೆದು ಅವನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಓದಿ! ಓದೋಕೆ ಬರುತ್ತಲ್ಲ? ಇದು ನನ್ನ ಕಾರ್ಡು. ಇದು ನನ್ನ ಚಿಕ್ಕಮ್ಮನ ರಸೀದಿ. ಇದನ್ನ ತೋರಿಸಿದ್ರೆ ಬಿಟ್ಟುಬಿಡ್ತಿದ್ರು! ತೋರಿಸಬೇಕಾದವಳು ಎಲ್ಲಿದ್ದಳು? ಕೊಳಕು ಬಟ್ಟೆ ಕೆಳಗೆ!"

ಅವನ ಮುಖ ಬಿಳಿಚಿಕೊಂಡಿತು.

"ನೀವು ಬಾಗಿಲ ಪಕ್ಕದಲ್ಲೇ ಇದ್ರಿ... ಮೊದಲು ನಿಮ್ಮನ್ನೇ ಹಿಡೀತಾರೆ ಅಂತ..."

"ಒಂದು ಮಾತು ಕೇಳಿದ್ರಾ? 'ಏನಮ್ಮಾ, ನಿನ್ನ ಹತ್ರ ಕಾಗದ ಇದೆಯಾ' ಅಂತ ಒಂದೇ ಒಂದು ಮಾತು?"

ಅವಳು ಅಲ್ಲೇ, ತಣ್ಣಗಾಗುತ್ತಿದ್ದ ಉರುಳೆಯ ಪಕ್ಕದಲ್ಲಿ ಕುಸಿದು ಕುಳಿತಳು.

ಅಂದು ಒಟ್ಟು ಹನ್ನೊಂದು ಜನರನ್ನು ಕರೆದೊಯ್ದಿದ್ದರು.

* * *

"ನಾನು ಹೇಳ್ತೀನಿ ಕೇಳು, ಅವರಿಗೆ ಸುದ್ದಿ ಕೊಟ್ಟವನು ಅವನೇ ಕಣೇ!"

ಹೀಗೆಂದವಳು ಬಟ್ಟೆ ವಿಂಗಡಿಸುವ ವಿಭಾಗದವಳು, ಕಂಡದ್ದನ್ನೆಲ್ಲ ಸಾರುವುದಕ್ಕೆ 'ರೇಡಿಯೋ' ಎಂದೇ ಹೆಸರಾದವಳು. ತಪಾಸಣೆಯ ಹೊತ್ತಿನಲ್ಲಿ ಶೌಚಾಲಯದ ಕಿಟಕಿಯಿಂದ ಅಂಗಳವನ್ನು ನೋಡುತ್ತಾ ಉಳಿದುಕೊಂಡವಳು.

"ಬೆಳಗ್ಗೆ ಏಳಕ್ಕೆ ಮೊದಲನೇ ಸಲ ಈ ಕಾರ್ಖಾನೆಗೆ ಕಾಲಿಟ್ಟ. ಒಂಬತ್ತೂವರೆಗೆ ಅವರು ಬಂದ್ರು. ಆಮೇಲೆ ಗೇಟಲ್ಲಿ ಅವನ ಕಾರ್ಡು ನೋಡಿ ನಗ್ತಾ ವಾಪಸ್ಸು ಕೊಟ್ರು. ನಗ್ತಾ! ನಮ್ಮ ಮುಖ ನೋಡಿ ಯಾವತ್ತಾದ್ರೂ ನಕ್ಕಿದ್ದಾರಾ ಅವರು?"

"ಹಾಗಾದ್ರೆ ನನ್ನನ್ನ ಯಾಕೆ ಬಚ್ಚಿಟ್ಟ?"

"ಯಾರಿಗ್ಗೊತ್ತು! ಪಾಪ ತೊಳ್ಕೊಳ್ಳೋಕೆ ಇರಬೇಕು."

ಇಸ್ತ್ರಿಗೆ ಅದು ಪೂರ್ತಿ ನಂಬಿಕೆಯಾಗಲಿಲ್ಲ. ಆದರೆ ಯಾರನ್ನಾದರೂ ಬೈಯಬೇಕಿತ್ತು. ಬೈಯಲು ಕೈಗೆ ಸಿಕ್ಕವನು ಅವನೊಬ್ಬನೇ.

ಅಂದು ಸಂಜೆಯೇ ಅವನು ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಚಪ್ಪಲಿ.

"ನಿಮ್ಮ ಚಿಕ್ಕಮ್ಮಂದು. ಮೆಟ್ಟಿಲ ಹತ್ರ ಬಿದ್ದಿತ್ತು."

"ಇನ್ನೊಂದೆಲ್ಲಿ?"

"ಅವರ ಕಾಲಲ್ಲಿ."

ಚಿಕ್ಕಮ್ಮ ಒಂದೇ ಚಪ್ಪಲಿಯಲ್ಲಿ ಹೋಗಿದ್ದಾಳೆ... ಚಪ್ಪಲಿ ಕಿತ್ತುಕೊಂಡು, ಬಾಗಿಲನ್ನು ಅವನ ಮುಖದ ಮೇಲೇ ಹಾಕಿದಳು. ಹಾಕಿ, ಬಾಗಿಲಿಗೆ ಒರಗಿ ಅತ್ತಳು.

ಮರುದಿನದಿಂದ ಅಳಲು ಪುರುಸೊತ್ತಾಗಲಿಲ್ಲ.

ವಲಸೆ ಕಚೇರಿಯ ಕಿಟಕಿ ಒಂದರಲ್ಲಿ ಕುಳಿತವನು ರಸೀದಿಯನ್ನು ಮೂರು ಸಲ ತಿರುಗಿಸಿ ನೋಡಿದ.

"ಇದು ಸರಿಯಾಗಿದೆ. ಆದ್ರೆ ಅವರೇ ಖುದ್ದಾಗಿ ತಂದು ತೋರಿಸಬೇಕು."

"ಅವರನ್ನ ನೀವೇ ಒಳಗೆ ಹಾಕಿದ್ದೀರಲ್ಲ ಸಾರ್!"

"ಅದು ಬೇರೆ ವಿಭಾಗ. ಕಿಟಕಿ ನಾಲ್ಕು."

ಕಿಟಕಿ ನಾಲ್ಕು ತೆರೆಯುವುದು ಮಂಗಳವಾರ ಮಾತ್ರ. ಅಂದು ಬುಧವಾರ!

ಮಂಗಳವಾರ ಹೋದರೆ, ಅರ್ಜಿಯ ನಮೂನೆ ಹಿಂದಿನ ದಿನವಷ್ಟೇ ಬದಲಾಗಿತ್ತು. ಹೊಸ ನಮೂನೆಗೆ ಹೊಸ ಫೋಟೋ ಬೇಕು. ಚಿಕ್ಕಮ್ಮನ ಹಳೆಯ ಫೋಟೋದಲ್ಲಿ ಎಡಗಿವಿ ಕಾಣುವುದಿಲ್ಲವಂತೆ.

"ಕಿವಿ ಇದೆ ಮೇಡಂ, ಎರಡೂ ಇದೆ! ಒಳಗಿದ್ದಾರಲ್ಲ, ನೀವೇ ಹೋಗಿ ಎಣಿಸ್ಕೊಳ್ಳಿ!"

ಕಿಟಕಿಯಾಕೆ 'ಊಟದ ವಿರಾಮ' ಎಂಬ ಫಲಕ ಇಟ್ಟು ಎದ್ದು ಹೋದಳು.

ಕಾರ್ಖಾನೆಯ ಕಥೆ ಇನ್ನೊಂದು. ಹನ್ನೊಂದು ಜನ ಹೋದದ್ದಷ್ಟೇ ಅಲ್ಲ, ಹೆದರಿ ಇಪ್ಪತ್ತು ಜನ ಕೆಲಸಕ್ಕೇ ಬರುತ್ತಿರಲಿಲ್ಲ. ಮಾಸಿದ ಬಟ್ಟೆಯ ಗಾಡಿಗಳು ಅಂಗಳದವರೆಗೆ ಸಾಲುಗಟ್ಟಿದವು. ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರೆ, ಫೋನು ತೆಗೆಯುವುದೂ ಇಸ್ತ್ರಿಯ ಪಾಲಿಗೇ ಬಂತು.

"ಮೂರನೇ ವಾರ್ಡಲ್ಲಿ ಒಂದೇ ಒಂದು ಚಾದರ ಇಲ್ಲ! ರೋಗಿಗಳನ್ನ ಎಲ್ಲಿ ಮಲಗಿಸಲಿ?" ಎಂದು ಆಸ್ಪತ್ರೆಯ ದಾದಿಯೊಬ್ಬಳು ಅಳುವ ದನಿಯಲ್ಲಿ ಕೇಳಿದಳು.

"ಮಡಿಸೋರನ್ನ ಕರ್ಕೊಂಡು ಹೋಗಿದ್ದಾರೆ ಸಿಸ್ಟರ್. ನಾನೊಬ್ಬಳು ಎಷ್ಟಂತ ಮಡಿಸಲಿ?"

ಬೀದಿಯದು ಮತ್ತೊಂದು. ದಿನಸಿ ಅಂಗಡಿಯ ಬಾಗಿಲು ಅರ್ಧ ಎಳೆದೇ ಇರುತ್ತಿತ್ತು. ಬಸ್ ನಿಲ್ದಾಣದಲ್ಲಿ ತಪಾಸಣೆಯವರು ನಿಂತಿರುತ್ತಾರೆಂದು ಜನ ಬಸ್ಸು ಹತ್ತುವುದನ್ನೇ ಬಿಟ್ಟರು. ತುಂಬಿದ ಬಸುರಿಯೊಬ್ಬಳು ಆಸ್ಪತ್ರೆಗೆ ಹೋಗಲು ಹೆದರಿ ಮನೆಯಲ್ಲೇ ಕುಳಿತಳು.

ಎಲ್ಲರ ಬಾಯಲ್ಲೂ ಒಂದೇ ಮಾತು. "ಇಸ್ತ್ರಿಗೇನಪ್ಪಾ, ಕಾಗದ ಇದ್ದವಳು. ಅವಳಿಗೆ ಹೇಳಿ."

ಔಷಧಿ ತರಲು ಇಸ್ತ್ರಿ. ಬಸುರಿಯ ಜೊತೆ ಹೋಗಲು ಇಸ್ತ್ರಿ. ಬೀದಿಯ ಆರು ಮಕ್ಕಳನ್ನು ಶಾಲೆಗೆ ಬಿಡಲು ಇಸ್ತ್ರಿ.

'ಕಾಗದ ಇದ್ದ ಮಾತ್ರಕ್ಕೆ ನನಗೇನು ನಾಲ್ಕು ಕೈ, ಎಂಟು ಕಾಲು ಇದೆಯಾ...? ದೇವರೇ!'

ಒಂದು ಬೆಳಿಗ್ಗೆ ಅವಳು ಓಡೋಡಿ ಬೀದಿಯ ತಿರುವಿಗೆ ಬಂದಾಗ, ಆರೂ ಮಕ್ಕಳು ಆಗಲೇ ಹೊರಟಾಗಿತ್ತು. ಪೈಪು, ಪಾನಾ ತುಂಬಿದ ಹಳೆಯ ವ್ಯಾನಿನಲ್ಲಿ! ಚಾಲಕನ ಜಾಗದಲ್ಲಿ ಅದೇ ಎತ್ತರದ ಮನುಷ್ಯ.

"ನಿಲ್ಲಿಸ್ರೀ! ಯಾರನ್ನ ಕೇಳಿ ಹತ್ತಿಸ್ಕೊಂಡ್ರಿ?"

"ಇವರಮ್ಮಂದಿರನ್ನ ಕೇಳಿ." ಅವನ ದನಿ ಮೆತ್ತಗಿತ್ತು. "ಈ ಸಲ ಕೇಳಿದೆ ನೋಡಿ, ಮೊದಲು."

ಅವಳಿಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಉರಿದದ್ದು, ಹಿಂದಿನ ಸೀಟಿನಿಂದ ಪುಟ್ಟ ಹುಡುಗಿಯೊಬ್ಬಳು "ಇಸ್ತ್ರಿ ಅಕ್ಕಾ, ಇವರು ಬೈಯೋದೇ ಇಲ್ಲ!" ಎಂದಾಗ.

"ಮನೆ ಮನೆ ವಿಳಾಸ ತಿಳ್ಕೋತಿದ್ದಾನೆ ಕಣೇ," ಎಂದು ರೇಡಿಯೋ ಮಧ್ಯಾಹ್ನ ಕಿವಿಯೂದಿದಳು. "ಮುಂದಿನ ಸಲ ಬೀದಿಗೇ ಬರ್ತಾರೆ ಅವರು!"

ಅಂದೇ ಸಂಜೆ ಇಸ್ತ್ರಿ ವ್ಯಾನಿಗೆ ಅಡ್ಡ ನಿಂತು, "ಇನ್ನೊಂದ್ಸಲ ಈ ಬೀದಿಲಿ ಕಾಣಿಸ್ಕೊಂಡ್ರೆ ನೆಟ್ಟಗಿರಲ್ಲ!" ಎಂದಳು.

ಅವನು ಗಾಜು ಪೂರ್ತಿ ಇಳಿಸಿದ. "ಮಕ್ಕಳನ್ನ ನಾಳೆ ಯಾರು ಬಿಡ್ತಾರೆ?"

"ಅದು ನಿಮಗೆ ಬೇಡ."

"ಸರಿ," ಎಂದು ವ್ಯಾನು ತಿರುಗಿಸಿದ.

ಅವನು ವಾದ ಮಾಡಬೇಕಿತ್ತು. ಜಗಳಕ್ಕಾದರೂ ನಿಲ್ಲಬೇಕಿತ್ತು. ಹಾಗೆ ಸುಮ್ಮನೆ ಹೋದದ್ದು ಅವಳಿಗೆ ಇನ್ನೂ ಕಿರಿಕಿರಿಯಾಯಿತು.

* * *

ಚಿಕ್ಕಮ್ಮನ ವಿಚಾರಣೆಗೆ ಹನ್ನೆರಡು ದಿನ ಉಳಿದಿತ್ತು.

"ರಸೀದಿ ಒಂದೇ ಸಾಲಲ್ಲ," ಎಂದರು ವಕೀಲೆ. ಕಡತಗಳ ಮಧ್ಯೆ ತಲೆ ಮಾತ್ರ ಕಾಣುವ ಹೆಂಗಸು. "ಕಾಗದ ಇದೆ ಅಂತ ಅವರು ಅವತ್ತೇ ಕೂಗಿ ಹೇಳಿದ್ರು, ಆದ್ರೂ ಎಳ್ಕೊಂಡು ಹೋದ್ರು ಅನ್ನೋದಕ್ಕೆ ಸಾಕ್ಷಿ ಬೇಕು. ಇಲ್ಲದಿದ್ರೆ, ಕೇಳಿದಾಗ ಅವರು ಏನೂ ಹೇಳಲೇ ಇಲ್ಲ ಅಂತಾರೆ."

"ಯಾರು ಬರ್ತಾರೆ ಮೇಡಂ? ನೋಡಿದವರೆಲ್ಲ ಒಂದೋ ಒಳಗಿದ್ದಾರೆ, ಇಲ್ಲ ಹೆದರಿ ಮನೆಲಿದ್ದಾರೆ."

ವಕೀಲೆ ಕನ್ನಡಕ ತೆಗೆದರು.

"ಒಬ್ಬರು ಬಂದಿದ್ದಾರೆ. ತಪಾಸಣೆ ಆದ ಮೂರನೇ ದಿನಾನೇ ಬಂದು ಹೇಳಿಕೆ ಬರೆದುಕೊಟ್ಟು ಹೋದ್ರು. ನಿಮಗೆ ಹೇಳಬೇಡಿ ಅಂದಿದ್ರು. ಅವರ ಹೆಸರು ಕೇಳಿದ್ರೆ ನೀವು ಹೇಳಿಕೆ ಹರಿದು ಹಾಕ್ತೀರಿ ಅಂತ ಭಯ ಅವರಿಗೆ. ಬಾಯ್ಲರ್ ಮೆಕ್ಯಾನಿಕ್ ಒಬ್ಬರು."

ಇಸ್ತ್ರಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

"ಆದ್ರೆ... ತಪಾಸಣೆಯವರಿಗೆ ಸುದ್ದಿ ಕೊಟ್ಟಿದ್ದೇ ಅವರು ಅಂತ..."

"ಯಾರು ಹೇಳಿದ್ದು?" ವಕೀಲೆ ಒಂದು ಹಾಳೆಯನ್ನು ಅವಳತ್ತ ತಳ್ಳಿದರು. "ಯಾರೂ ಸುದ್ದಿ ಕೊಡಬೇಕಾಗಿರಲಿಲ್ಲ. ತಪಾಸಣೆಗೆ ಬರ್ತೀವಿ, ಎಲ್ಲರ ಕಾಗದ ಸಿದ್ಧ ಇಡಿ ಅಂತ ಹದಿನೈದು ದಿನ ಮುಂಚೆನೇ ನಿಮ್ಮ ಮ್ಯಾನೇಜರ್‌ಗೆ ನೋಟಿಸ್ ಬಂದಿತ್ತು. ಅವರು ಅದನ್ನ ಡ್ರಾಯರ್‌ನಲ್ಲಿ ಇಟ್ಕೊಂಡು ಕೂತಿದ್ರು."

ಅಂದು ಅವಳು ಮ್ಯಾನೇಜರ್ ಕೋಣೆಯ ಬಾಗಿಲನ್ನು ತಟ್ಟಿ ಒಳಹೋಗಲಿಲ್ಲ, ತಳ್ಳಿಕೊಂಡೇ ಹೋದಳು.

"ಯಾಕೆ ಹೇಳಲಿಲ್ಲ ಸಾರ್?"

ಅವನು ತಲೆ ಎತ್ತಲಿಲ್ಲ. "ಹೇಳಿದ್ರೆ ಮರುದಿನ ಯಾರು ಕೆಲಸಕ್ಕೆ ಬರ್ತಿದ್ರು? ಮೂರು ಆಸ್ಪತ್ರೆ ಬಟ್ಟೆ ಬಾಕಿ ಇತ್ತು."

"ಈಗ ಯಾರು ಬರ್ತಿದ್ದಾರೆ? ಹೇಳಿ ಸಾರ್, ಯಾರು ಬರ್ತಿದ್ದಾರೆ ಈಗ?"

ಅಂಗಳದ ಗಾಡಿಗಳ ಸಾಲು ಕಿಟಕಿಯಿಂದಲೇ ಕಾಣುತ್ತಿತ್ತು.

* * *

ಕ್ಷಮೆ ಕೇಳುವುದು ಇಸ್ತ್ರಿಗೆ ಅಭ್ಯಾಸವಿಲ್ಲದ ಕೆಲಸ. ವ್ಯಾನಿನ ಗಾಜು ತಟ್ಟಿ ಅವಳು ಹೇಳಿದ್ದು ಇಷ್ಟು:

"ನಾಳೆ ಬಂಧನ ಕೇಂದ್ರಕ್ಕೆ ಹೋಗ್ತಿದ್ದೀನಿ. ಎರಡು ಬಸ್ ಬದಲಾಯಿಸಬೇಕು. ನೀವು ಬರೋದಾದ್ರೆ ಬನ್ನಿ. ಬರದೇ ಇದ್ರೂ ಪರವಾಗಿಲ್ಲ. ಆದ್ರೆ ಬನ್ನಿ."

ಅವನಿಗೆ ನಗು ಬಂತು. ಪುಣ್ಯಕ್ಕೆ ಅವನು ನಗಲಿಲ್ಲ.

ವ್ಯಾನು ಕಂಪನಿಯದು, ಊರಾಚೆ ಒಯ್ಯುವಂತಿರಲಿಲ್ಲ; ಇಬ್ಬರೂ ಬಸ್ಸಿನಲ್ಲೇ ಹೊರಟರು. ಅರ್ಧ ದಾರಿಯಲ್ಲಿ ಅವಳೇ ಕೇಳಿದಳು.

"ಯಾಕೆ ಅವತ್ತು... ನನ್ನನ್ನ?"

ಅವನು ಕಿಟಕಿಯಾಚೆ ನೋಡುತ್ತಾ ಹೇಳಿದ. "ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮಮ್ಮ ಮೀನು ಡಬ್ಬಿಗೆ ತುಂಬೋ ಕಾರ್ಖಾನೆಲಿ ಕೆಲಸ ಮಾಡ್ತಿದ್ರು. ಬೇರೆ ದೇಶ ಅದು. ಒಂದಿನ ಶಾಲೆ ಮುಗಿಸಿ ಅಲ್ಲಿಗೆ ಹೋಗಿದ್ದೆ. ಹೀಗೇ ಕೂಗಿದ್ರು, ಯಂತ್ರ ನಿಲ್ಲಿಸಿ ಅಂತ. ಯಾರೋ ಒಬ್ಬ ಹೆಂಗಸು ನನ್ನನ್ನ ಎಳ್ಕೊಂಡು ಐಸ್ ಪೆಟ್ಟಿಗೆ ಹಿಂದೆ ಕೂರಿಸಿದ್ರು. ಅಮ್ಮನ್ನ ಎಳ್ಕೊಳ್ಳೋಕೆ ಯಾರೂ ಇರಲಿಲ್ಲ. ಎರಡು ವರ್ಷ ನೋಡಲಿಲ್ಲ ಅವರನ್ನ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಅವತ್ತು ಆ ಬೂಟುಗಳನ್ನ ಕಂಡ ತಕ್ಷಣ, ಹತ್ತಿರ ಇದ್ದವರನ್ನ ಹಿಡ್ಕೊಂಡ್ಬಿಟ್ಟೆ. ಹತ್ತಿರ ಇದ್ದಿದ್ದು ನೀವು. ಕೇಳಬೇಕಿತ್ತು. ತಪ್ಪು ನನ್ನದೇ."

ಇಷ್ಟು ದಿನ ಅವಳು ತನಗೆ ತಾನೇ ಹೇಳಿಕೊಳ್ಳದ ಮಾತು ಈಗ ತಡೆಯದೆ ಹೊರಬಂತು.

"ಇಲ್ಲ... ನಿಮ್ಮದಲ್ಲ. ಚಿಕ್ಕಮ್ಮ ಕೂಗಿದ್ದು ನನಗೆ ಕೇಳಿಸ್ತು. 'ಏ ಮಗಾ' ಅಂದ್ರು. ಗಾಡಿಗೆ ಬೀಗ ಹಾಕಿರಲಿಲ್ಲ ನೀವು. ನಾನು ಏಳಬಹುದಿತ್ತು..." ಅವಳು ಮುಖ ಮುಚ್ಚಿಕೊಂಡಳು. "ಎಲ್ಲಾ ಕಾಗದ ಇತ್ತು ನನ್ನ ಹತ್ರ. ಆದ್ರೂ ಏಳಲಿಲ್ಲ. ಹೆದರಿಬಿಟ್ಟೆ. ಅದಕ್ಕೇ ನಿಮ್ಮನ್ನ ಬೈದೆ. ನನ್ನನ್ನ ಬೈಕೊಳ್ಳೋಕೆ ಆಗಲಿಲ್ಲ, ಅದಕ್ಕೆ!"

ಅವಳ ಕೈ ಮಡಿಲಿಗೆ ಇಳಿದಾಗ ಅವನು ಅದರ ಮೇಲೆ ತನ್ನ ಕೈ ಇಟ್ಟ, ಅಷ್ಟೇ. ಮುಂದಿನ ನಿಲ್ದಾಣದವರೆಗೂ ಅವಳು ಅದನ್ನು ಸರಿಸಲಿಲ್ಲ.

ಬಂಧನ ಕೇಂದ್ರದಲ್ಲಿ ಗಾಜಿನ ಆಚೆ ಕುಳಿತ ಚಿಕ್ಕಮ್ಮ ಸೊರಗಿದ್ದಳು. ಬಾಯಿ ಮಾತ್ರ ಸೊರಗಿರಲಿಲ್ಲ.

"ಯಾರೇ ಅದು ಹಿಂದೆ ನಿಂತಿರೋನು? ಎತ್ತರಕ್ಕೆ ಚೆನ್ನಾಗಿದ್ದಾನೆ. ಮದುವೆ ಆಗಿದೆಯಾ?"

"ಚಿಕ್ಕಮ್ಮಾ! ನಿನ್ನ ಕೇಸಿನ ವಿಷಯ ಮಾತಾಡೋಕೆ ಬಂದಿದ್ದೀನಿ! ಹತ್ತೇ ನಿಮಿಷ ಇರೋದು!"

"ಕೇಸು ಎಲ್ಲಿಗೆ ಓಡಿಹೋಗುತ್ತೆ? ಮದುವೆ ಆಗಿದೆಯಾ ಕೇಳು."

ಹಿಂದಿನಿಂದ ಅವನೇ ಉತ್ತರಿಸಿದ. "ಇಲ್ಲಮ್ಮಾ."

ಇಸ್ತ್ರಿಗೆ ನೆಲ ಬಾಯಿಬಿಡಬಾರದೇ ಎನಿಸಿತು!

* * *

ವಿಚಾರಣೆಯ ದಿನ ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ರಸೀದಿಯಿದೆ ಎಂದು ಆಕೆ ಕೂಗಿದರು, ಯಾರೂ ಕಿವಿಗೊಡಲಿಲ್ಲ ಎಂದ.

ಇಲಾಖೆಯ ವಕೀಲ ಎದ್ದು ನಿಂತ.

"ನೀವು ಒಂದು ಗಾಡಿಯ ಪಕ್ಕ ನಿಂತಿದ್ದಿರಿ ಅಂತ ನಮ್ಮ ಅಧಿಕಾರಿ ಬರೆದಿದ್ದಾರೆ. ಆ ಗಾಡಿಯಲ್ಲಿ ಏನಿತ್ತು?"

ಚಿಕ್ಕಮ್ಮನ ವಕೀಲೆಯ ಮುಖ ಬಿಗಿದುಕೊಂಡಿತು. ಸೋಂಕಿನ ಬಟ್ಟೆ ಎಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ. ನಿಜ ಹೇಳಿದರೆ ಅವನ ಪರವಾನಗಿಗೇ ಕುತ್ತು. ಅವನದು ವರ್ಷ ವರ್ಷ ನವೀಕರಿಸುವ ಕೆಲಸದ ಪರವಾನಗಿ!

"ಒಬ್ಬರು ಹೆಣ್ಣುಮಗಳಿದ್ದರು," ಎಂದ ಅವನು.

"ಅಂದರೆ ಅಧಿಕಾರಿಗೆ ಸುಳ್ಳು ಹೇಳಿದಿರಿ?"

"ಹೌದು ಸಾರ್. ಅವತ್ತು ಹೇಳಿದೆ. ಇವತ್ತು ಹೇಳ್ತಿಲ್ಲ."

ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದಾಯಿತು. ಈ ಸಲ ಇಸ್ತ್ರಿಯ ಕಾಲುಗಳು ಅವಳ ಮಾತು ಕೇಳಿದವು.

"ಆ ಗಾಡಿಲಿ ಇದ್ದಿದ್ದು ನಾನು! ನನ್ನ ಹತ್ರ ಖಾಯಂ ಕಾರ್ಡಿದೆ, ಚಿಕ್ಕಮ್ಮನ ರಸೀದಿನೂ ನನ್ನ ಹತ್ರಾನೇ ಇತ್ತು. ಅವರು ಕೂಗಿದ್ದು ನನ್ನನ್ನೇ. ಒಂದು ನಿಮಿಷ ಕಾದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ ಸ್ವಾಮಿ, ಒಂದೇ ನಿಮಿಷ!"

ನ್ಯಾಯಾಧೀಶರು ಅವಳಿಗೆ ಕೂರಲು ಹೇಳಿದರು. ಆದರೆ ರಸೀದಿಯನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು.

ಮೂರನೆಯ ದಿನ ಚಿಕ್ಕಮ್ಮ ಮನೆಗೆ ಬಂದಳು. ಬಂದವಳೇ, "ಅಲ್ಲಿ ಚಾದರ ಮಡಿಸೋದು ನೋಡ್ಬೇಕು ಮಗಾ, ಛೀ! ಒಂದು ಮಡಿಕೆ ನೆಟ್ಟಗಿಲ್ಲ!" ಎಂದು ಶುರು ಮಾಡಿದಳು. ಇಸ್ತ್ರಿ ನಕ್ಕು ನಕ್ಕು ಅತ್ತಳು. ಆದರೆ ಪಕ್ಕದ ಮನೆಯವರು ಬಾಗಿಲು ತಟ್ಟಿದಾಗ, ಚಿಕ್ಕಮ್ಮ ಮಾತು ಅರ್ಧಕ್ಕೆ ನಿಲ್ಲಿಸಿ ಅಡುಗೆಮನೆಯ ಮೂಲೆಗೆ ಸರಿದು ನಿಂತದ್ದನ್ನೂ ಅವಳು ಕಂಡಳು. ಆ ಹನ್ನೊಂದು ಜನರಲ್ಲಿ ಮರಳಿದವರು ನಾಲ್ವರೇ. ಉಳಿದವರನ್ನು ವಿಮಾನ ಹತ್ತಿಸಿಯಾಗಿತ್ತು. ವ್ಯಾನಿನ ಆರು ಮಕ್ಕಳಲ್ಲಿ ಇಬ್ಬರು ತಾಯಿಯ ಜೊತೆ ಊರು ಬಿಟ್ಟರು.

ಚಿಕ್ಕಮ್ಮ ಬಂದ ದಿನದಿಂದ ಬಾಯ್ಲರ್ ಮೆಕ್ಯಾನಿಕ್ ಕಾಣಿಸಲಿಲ್ಲ.

ಒಂದು ವಾರ. ಎರಡು ವಾರ. ಫೋನು ಮಾಡಿದರೆ, "ಕೆಲಸದಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂಬ ಉತ್ತರ. ಆ 'ಆಮೇಲೆ' ಬರಲೇ ಇಲ್ಲ.

'ಅಷ್ಟೇನಾ...? ಕೇಸು ಮುಗೀತು, ಋಣ ತೀರಿತು ಅಂತಾನಾ? ಬಸ್ಸಲ್ಲಿ ಕೈ ಇಟ್ಟಿದ್ದು ಬರೀ ಕನಿಕರಕ್ಕಾ?'

ಮೂರನೆಯ ವಾರ ರೇಡಿಯೋ ತಲೆ ತಗ್ಗಿಸಿಕೊಂಡು ಬಂದಳು. "ಅವನ ವಿಷಯದಲ್ಲಿ ನಾನು ಬಾಯಿಗೆ ಬಂದ ಹಾಗೆ ಮಾತಾಡಿದೆ ಕಣೇ. ಅವನಿಗೆ ನೋಟಿಸ್ ಬಂದಿದೆಯಂತೆ. ಪರವಾನಗಿ ಮರುಪರಿಶೀಲನೆ. ನಿನಗೆ ಹೇಳಬೇಡ ಅಂದಿದ್ದ... ನನಗೆ ತಡೆಯೋಕಾಗಲಿಲ್ಲ."

ಮೊದಲನೇ ಸಲ ಇಸ್ತ್ರಿ ರೇಡಿಯೋಳನ್ನು ತಬ್ಬಿಕೊಂಡಳು!

* * *

ರೇಡಿಯೋ ಹೇಳಿದ ಜಾಗದಲ್ಲೇ, ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಅವನು ಪೈಪುಗಳ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದ. ಮಧ್ಯಾಹ್ನದ ಹೊತ್ತು. ಮೆಟ್ಟಿಲಿಳಿದು ಬಂದ ಹೆಜ್ಜೆಯ ರಭಸದಲ್ಲೇ ಅವನಿಗೆ ಯಾರೆಂದು ಗೊತ್ತಾಯಿತು.

"ಮೂರು ವಾರ! ಸತ್ತಿದ್ದೀರಾ ಬದುಕಿದ್ದೀರಾ ಅಂತ ಒಂದು ಮಾತು ಬೇಡ್ವಾ?"

"ಕೆಲಸ ಜಾಸ್ತಿ ಇತ್ತು..."

"ಅಧಿಕಾರಿ ಮುಂದೆ ಅಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಿ, ನನ್ನ ಮುಂದೆ ಯಾಕೆ ಬರಲ್ಲ? ಎದ್ದು ಬನ್ನಿ ಹೊರಗೆ!"

ಅವನು ಎದ್ದು, ಕೈ ಒರೆಸಿಕೊಳ್ಳುತ್ತಾ ನಿಂತ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ನೋಟಿಸ್ ಬಂದಿದೆ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಸಹಾಯ ಮಾಡೋಕೆ ಬರ್ತಿದ್ರಿ."

"ಬರ್ತಿದ್ದೆ! ಅದರಲ್ಲೇನು ತಪ್ಪು?"

"ಎಲ್ಲರಿಗೂ ನೀವೇ ಓಡ್ತೀರಿ. ನಾನೂ ಒಬ್ಬ ಯಾಕೆ..." ಅವನು ತಡವರಿಸಿದ. "ಅದಲ್ಲ. ನಿಮ್ಮ ಹತ್ರ ಖಾಯಂ ಕಾರ್ಡಿದೆ. ನನ್ನದು ಅಲ್ಲಾಡ್ತಿದೆ. ಈ ಹೊತ್ತಲ್ಲಿ ಬಂದು ನಿಮ್ಮನ್ನ ಇಷ್ಟಪಡ್ತೀನಿ ಅಂದ್ರೆ ಜನ ಏನಂತಾರೆ? ಜನ ಹಾಳಾಗಲಿ, ನೀವೇನು ಅಂದ್ಕೋತೀರಿ? ಎಂದೋ ಒಂದಿನ ಜಗಳದಲ್ಲಿ 'ಕಾಗದಕ್ಕೋಸ್ಕರ ನನ್ನನ್ನ ಕಟ್ಕೊಂಡ್ರಿ' ಅಂತ ನಿಮ್ಮ ಬಾಯಲ್ಲಿ ಬಂದ್ಬಿಟ್ರೆ... ನನಗೆ ತಡ್ಕೊಳ್ಳೋಕೆ ಆಗಲ್ಲ."

ಇಸ್ತ್ರಿ ಅವನನ್ನೇ ನೋಡಿದಳು.

"ಈಗ ಏನಂದ್ರಿ? ಇಷ್ಟಪಡ್ತೀನಿ ಅಂದ್ರಾ?"

"ಅದು... ಉದಾಹರಣೆಗೆ ಅಂದೆ."

"ಉದಾಹರಣೆಗಾ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಈ ದೇಶದ ಎಲ್ಲ ಕಿಟಕಿಗಳಲ್ಲೂ ಅವಳು ಜಗಳವಾಡಿದ್ದಳು. ಇವನಷ್ಟು ತಲೆ ಚಿಟ್ಟು ಹಿಡಿಸಿದವನು ಯಾವ ಕಿಟಕಿಯಲ್ಲೂ ಸಿಕ್ಕಿರಲಿಲ್ಲ!

"ಕೇಳಿ. ನಾನು ಉದಾಹರಣೆಗೆ ಹೇಳ್ತಿಲ್ಲ. ನೀವು ನನಗೆ ಬೇಕು. ನಿಮ್ಮ ಕಾರ್ಡು, ಪರವಾನಗಿ ಯಾವುದೂ ಅಲ್ಲ, ನೀವು. ಮದುವೆ ಈಗ್ಲೇ ಬೇಡ. ಆ ಪರಿಶೀಲನೆ ಮುಗೀಲಿ. ಆಗ ಯಾರೂ ಬಾಯಿ ಬಿಡೋಕಾಗಲ್ಲ, ನನ್ನ ಬಾಯೂ ಸೇರಿ. ಇಲಾಖೆಯವರು ಇಲ್ಲೇ ಇರಿ ಅಂದ್ರೆ ಇಲ್ಲೇ ಇರೋಣ."

"ಹೋಗು ಅಂದ್ರೆ?"

"ನಾನೂ ಬರ್ತೀನಿ. ಯಾಕೆ, ನಿಮ್ಮೂರಲ್ಲಿ ಜನ ಬಟ್ಟೆ ಒಗೆಯಲ್ವಾ?"

"ಚಿಕ್ಕಮ್ಮ?"

"ನಿಮ್ಮೂರಲ್ಲಿ ಚಳಿ ಎಷ್ಟಿರುತ್ತೆ ಅಂತ ನನ್ನನ್ನ ಆಗ್ಲೇ ಕೇಳಿದ್ದಾರೆ ಅವರು."

ಐದು ತಿಂಗಳ ನಂತರ ಆ ಪರಿಶೀಲನೆ ಅವನ ಪರವಾಗಿಯೇ ಮುಗಿಯಿತು ಎಂಬುದನ್ನು ಇಲ್ಲೇ ಹೇಳಿಬಿಡಬಹುದು. ಆದರೆ ಆ ಮಧ್ಯಾಹ್ನ ಅದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವನು ಒಂದು ಹೆಜ್ಜೆ ಮುಂದೆ ಬಂದ. ಗೊತ್ತಿಲ್ಲದೆಯೇ ಅವಳು ಅವನ ಎದೆಗೆ ಹಣೆಯೊರಗಿಸಿ, ತಿಂಗಳುಗಳಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಳು.

"ನನ್ನ ಅಂಗಿ ತುಂಬ ಎಣ್ಣೆ," ಎಂದ ಅವನು ಮೆಲ್ಲಗೆ.

"ಇರಲಿ, ಒಗೆದರೆ ಹೋಗುತ್ತೆ." ಅವಳು ತಲೆ ಎತ್ತದೆ ಹೇಳಿದಳು. "ಇನ್ಮೇಲೆ ಏನೇ ಬಂದ್ರೂ, ಏನೇ ಆದ್ರೂ, ಮೊದಲು ನನಗೆ ಹೇಳ್ಬೇಕು ನೀನು."

ಅವನು ಅಲ್ಲಾಡದೆ ನಿಂತ.

"ಏನಂದ್ರಿ?"

"ಏನಂದೆ?"

"'ನೀನು' ಅಂದ್ರಿ."

ಅವಳ ಕಿವಿಯವರೆಗೂ ಕೆಂಪೇರಿತು. ಆದರೂ ಸೋಲುವವಳೇ ಅವಳು?

"ಅಂದೆ. ದೂರು ಕೊಡ್ತೀಯಾ?"

"ಇಲ್ಲ," ಎಂದ ಅವನು, ಅವಳ ಕಿವಿಯ ಬಳಿ ಬಾಗಿ. "ಇನ್ನೊಂದ್ಸಲ ಹೇಳು."